ಐರ್ಲೆಂಡಿನ ಹಾಡಿಗೆ ಹೊಸ ಬೆಲ್ಟು

ನಮ್ಮ ಮನೆಯಲ್ಲಿ ದಿನಾ ಮಧ್ಯಾಹ್ನ ಊಟವಾದ ಮೇಲೆ ಇಬ್ಬರು ಗಂಡಸರು ಅಳುತ್ತಿದ್ದರು. ಇಬ್ಬರೂ ನಮ್ಮ ನೆಂಟರಲ್ಲ, ಇಷ್ಟರಲ್ಲ. ಐರ್ಲೆಂಡ್ ಎಂಬ ದೇಶದವರು. ನನ್ನ ಸ್ವಂತ ಸಂಪಾದನೆಯ ಮನೆಯಲ್ಲಿ ಅಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಮೊದಲು ನನಗಿರಬೇಕು. ಆದರೆ ನಮ್ಮ ಮನೆಯಲ್ಲಿ ನನ್ನ ಸರದಿ ಯಾವತ್ತೂ ಬರುವುದಿಲ್ಲ.

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಗಿನಿಂದ ಕಿವಿಗೆ ಬೀಳುವುದು ಯಂತ್ರಗಳ ಕಟಕಟ ಮತ್ತು ದರ್ಜಿಗಳ ವಟವಟ. ದಾರ ಕಿತ್ತುಹೋದರೆ ಅದಕ್ಕೂ ನಾನೇ ಹೊಣೆ. ಇಷ್ಟನ್ನೆಲ್ಲ ಸಹಿಸಿ ಮಧ್ಯಾಹ್ನ ಷಟರ್ ಅರ್ಧ ಎಳೆದು ಬೆಂಚಿನ ಮೇಲೆ ಮೈ ಚೆಲ್ಲಿದೆನೋ ಇಲ್ಲವೋ, ಒಳಗಿನ ಕೋಣೆಯಿಂದ ಶುರುವಾಗುತ್ತಿತ್ತು ಶೋಕಸಭೆ. ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಟೇಪ್ ರೆಕಾರ್ಡರಿನ ಗುಂಡಿ ಒತ್ತಿರುತ್ತಿದ್ದರು.

ಕ್ಯಾಸೆಟ್ಟಿನ ಆ ಇಬ್ಬರು ಗಂಡಸರು ಹಾಡುವುದಕ್ಕೆ ‘ಟೆನರ್’ ಎನ್ನುತ್ತಾರಂತೆ. ಕ್ಯಾಸೆಟ್ಟಿನ ಹೊದಿಕೆಯ ಮೇಲಿದ್ದುದನ್ನು ಓದಿ ಹೇಳಿದವಳು ನನ್ನ ಹೆಂಡತಿ. (ಅವಳು ನನಗಿಂತ ಹೆಚ್ಚು ಓದಿದವಳು. ಈ ಸಂಗತಿಯನ್ನು ನೆನಪಿಸಲು ಅವಳು ಮರೆತ ದಿನ, ಮೈಗೆ ಹುಷಾರಿಲ್ಲವೇನೋ ಎಂದು ನನಗೇ ಗಾಬರಿಯಾಗುತ್ತದೆ.) ಟೆನರ್ ಎಂದರೆ ಗಂಡಸರ ದನಿಯಲ್ಲಿ ಅಟ್ಟದ ಮೇಲಿನ ದನಿ. ಅದನ್ನು ವರ್ಷಗಟ್ಟಲೆ ಗುರುಗಳ ಹತ್ತಿರ ತೀಡಿ, ಮೈಕಿಲ್ಲದೆ ದೊಡ್ಡ ಸಭೆಯ ಕೊನೆಯ ಕುರ್ಚಿಗೂ ಮುಟ್ಟುವಂತೆ ಮಾಡುತ್ತಾರಂತೆ. ಅಂಥ ಮಹಾವಿದ್ವಾಂಸರು ಹೋಗಿ ಹೋಗಿ ಹಾಡಿದ್ದು ಏನನ್ನು? ತಮ್ಮ ದೇಶದ ಬೆಸ್ತರು, ಕೂಲಿಯವರು, ಹಾಲು ಕರೆಯುವ ಹುಡುಗಿಯರು ಹಾಡಿಕೊಳ್ಳುತ್ತಿದ್ದ ಹಳೆಯ ಹಾಡುಗಳನ್ನು. ಒಂದೊಂದು ಹಾಡಿನಲ್ಲೂ ಯಾರೋ ಹಡಗು ಹತ್ತುತ್ತಾರೆ, ಯಾರೋ ದಂಡೆಯಲ್ಲಿ ನಿಲ್ಲುತ್ತಾರೆ. ಹೋದವರು ಬರುವುದಿಲ್ಲ. ಬಂದರೆ ನಿಂತವರು ಇರುವುದಿಲ್ಲ. ಒಂದು ಹಾಡಿನಲ್ಲಾದರೂ ಒಬ್ಬ ಮನುಷ್ಯ ಹೊತ್ತಿಗೆ ಸರಿಯಾಗಿ ಮನೆ ಸೇರಬಾರದೇ ಎಂದು ನಾನು ಹಲ್ಲು ಕಡಿಯುತ್ತಿದ್ದೆ. ಅದನ್ನೂ ಆ ಇಬ್ಬರಲ್ಲಿ ಮುಖ್ಯ ಹಾಡುಗಾರ ನೆಟ್ಟಗೆ ಹೇಳಿ ಮುಗಿಸುತ್ತಾನೆಯೇ? ಒಂದು ಮಾತನ್ನು ಎತ್ತಿಕೊಂಡು ಏಣಿ ಹತ್ತಿದನೆಂದರೆ, ಬಾಗಿಲಿಗೆ ಬೆರಳು ಸಿಕ್ಕಿಕೊಂಡವನ ಹಾಗೆ ಅಲ್ಲೇ ನಿಂತುಬಿಡುತ್ತಾನೆ.

ಕೋಪ ಬಂದರೆ ನನಗೆ ಮುಂದಿನದು ಹಿಂದಿನದು ಕಾಣುವುದಿಲ್ಲ. ಬೀದಿಯಲ್ಲಿ ನನ್ನನ್ನು ‘ಕುಕ್ಕರ್’ ಎನ್ನುತ್ತಾರೆಂಬುದು ನನಗೆ ಗೊತ್ತು. (ಅನ್ನುವವರಿಗೆ ನನಗೆ ಗೊತ್ತೆಂಬುದು ಗೊತ್ತಿಲ್ಲ.) ದಿನಾ ಬೆಂಚಿನಿಂದಲೇ ಹೆಂಡತಿಯನ್ನು ಕೂಗುತ್ತಿದ್ದೆ: ಇದು ಮನೆಯೋ ಬಂದರೋ, ಆ ಹಡಗು ಹೊರಟಿತೋ ಇಲ್ಲವೋ ಕೇಳಿ ಹೇಳು. ಅವಳು ಅಡುಗೆಮನೆಯಿಂದ ಬಂದು, ಸೊಂಟಕ್ಕೆ ಕೈಯಿಟ್ಟು, ಅಮ್ಮನಿಗೆ ಕೇಳದಷ್ಟು ಮೆತ್ತಗೆ, ನನ್ನ ಏಳು ತಲೆಮಾರು ನಡುಗುವಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು.

“ಅಪ್ಪ ಹೋದ್ಮೇಲೆ ಅಮ್ಮನಿಗೆ ಅಂತ ಉಳಿದಿರೋದು ಅದೊಂದೇ. ನಿಮ್ಮ ಗೊರಕೆ ನಾವು ಸಹಿಸ್ಕೊಳ್ತಿಲ್ವಾ?”

ಗೊರಕೆಗೂ ಗಾಯನಕ್ಕೂ ಎಲ್ಲಿಯ ಹೋಲಿಕೆ? ಆದರೂ ನಾನು ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ಏಕೆಂದರೆ ಅಪ್ಪ ಎನ್ನುವಾಗ ಅವಳ ಕೈ ಸೊಂಟದಿಂದ ಕೆಳಗಿಳಿಯುತ್ತಿತ್ತು.

ನನ್ನ ಮಾವ ಪ್ರಯಾಣಿಕರ ಹಡಗಿನಲ್ಲಿ ಇಸ್ತ್ರಿ ಕೆಲಸದಲ್ಲಿದ್ದವರು. ವರ್ಷದಲ್ಲಿ ಹೆಚ್ಚಿನ ಕಾಲ ನೀರಿನ ಮೇಲೆ, ಮಿಕ್ಕ ಸ್ವಲ್ಪ ಕಾಲ ಮನೆಯಲ್ಲಿ. ಆ ಹಡಗಿನಲ್ಲಿ ಒಮ್ಮೆ ಈ ಇಬ್ಬರು ಹಾಡುಗಾರರು ಬಂದಿದ್ದರಂತೆ. ಹಾಡುವಾಗ ಅವರ ಕುತ್ತಿಗೆ ಉಬ್ಬುತ್ತದೆ, ಅದಕ್ಕೇ ಅವರ ಅಂಗಿಗೆಲ್ಲ ಗಂಜಿ ಹಾಕಿದರೂ ಕಾಲರಿನ ಒಳಮಗ್ಗುಲನ್ನು ಮಾತ್ರ ಮೆತ್ತಗೆ ಬಿಡಬೇಕು ಎಂದು ಮಾವ ಕಂಡುಕೊಂಡಿದ್ದರಂತೆ. ಆ ಉಪಕಾರಕ್ಕೆ ಅವರು ಕೊಟ್ಟ ಕಾಣಿಕೆ ಈ ಕ್ಯಾಸೆಟ್ಟು. ಮಾವ ನೀರಿನ ಮೇಲಿದ್ದಾಗ ಅತ್ತೆ ಅದನ್ನು ಕೇಳುತ್ತಾ ಕಾಯುತ್ತಿದ್ದರು. ಮನೆಗೆ ಬಂದಾಗ ಮಾವ ಬಟ್ಟೆ ತೀಡುತ್ತಾ ಜೊತೆಗೂಡಿ ಹಾಡುತ್ತಿದ್ದರು. ಹಾಡಿನ ಮಾತು ಅವರಿಗೂ ಬಾರದು, ಕೇಳುವವರಿಗೂ ತಿಳಿಯದು, ಆದ್ದರಿಂದ ಯಾವ ತಕರಾರೂ ಇರಲಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮಲ್ಲಿಗೆ ಬಂದಾಗ ತಂದದ್ದು ಒಂದು ಟ್ರಂಕು, ಒಂದು ಟೇಪ್ ರೆಕಾರ್ಡರು, ಮತ್ತು ಈ ಇಬ್ಬರು ಗಂಡಸರು.

ಒಂದು ದಿನ ಬೆಂಚಿನ ಮೇಲೆ ಹಲ್ಲು ಕಡಿಯುತ್ತಿದ್ದವನಿಗೆ ಜ್ಞಾನೋದಯವಾಯಿತು. ನನ್ನ ಕಿವಿ ಸಂಗೀತದ ಕಿವಿಯಲ್ಲ, ಮೋಟರಿನ ಕಿವಿ. ಆ ಹಾಡುಗಾರ ಅಷ್ಟು ಎಳೆಯುತ್ತಿದ್ದುದು ದುಃಖಕ್ಕಲ್ಲ, ಬೆಲ್ಟು ಸಡಿಲವಾಗಿದ್ದಕ್ಕೆ! ಒಳಗಿನ ರಬ್ಬರ್ ಬೆಲ್ಟು ಸವೆದು ಜಾರುತ್ತಿದೆ, ಚಕ್ರ ನಿಧಾನವಾಗಿದೆ, ಒಂದು ಹಾಡು ಒಂದೂಕಾಲು ಹಾಡಿನಷ್ಟು ಉದ್ದವಾಗಿದೆ. ಹೊಸ ಬೆಲ್ಟು ಬಿದ್ದರೆ ಹಡಗು ಬೇಗ ಹೊರಡುತ್ತದೆ, ದಂಡೆಯವರು ಬೇಗ ಮನೆಗೆ ಹೋಗುತ್ತಾರೆ, ನಾನು ಬೇಗ ನಿದ್ದೆ ಹೋಗುತ್ತೇನೆ. ಯಾರ ಮನಸ್ಸನ್ನೂ ನೋಯಿಸದೆ ಶೋಕವನ್ನು ಮೊಟಕುಗೊಳಿಸುವ ಇಂಥ ಉಪಾಯ ಯಾವ ಓದಿದವನಿಗೆ ಹೊಳೆದೀತು?

ಅತ್ತೆ ಕಣ್ಣಿನ ಡಾಕ್ಟರ ಬಳಿಗೆ ಮಗಳೊಂದಿಗೆ ಹೋದ ದಿನ ನಾನು ಟೇಪ್ ರೆಕಾರ್ಡರಿಗೆ ಶಸ್ತ್ರಚಿಕಿತ್ಸೆ ಮಾಡಿದೆ. ಬೆಲ್ಟು ನಾನು ಊಹಿಸಿದಂತೆಯೇ ಸವೆದು ಜೋತುಬಿದ್ದಿತ್ತು. ಹೊಸದು ಹಾಕಿ, ಹಳೆಯದನ್ನು ಕತ್ತರಿಯಿಂದ ಕಚಕಚನೆ ತುಂಡರಿಸಿ ಬುಟ್ಟಿಗೆ ಎಸೆದೆ. ಇದು ನಮ್ಮ ಕಸುಬಿನ ರೂಢಿ. ತೆಗೆದ ಬೆಲ್ಟನ್ನು ಇಡಿಯಾಗಿ ಬಿಟ್ಟರೆ, ‘ಇದು ಇನ್ನೂ ಚೆನ್ನಾಗೇ ಇತ್ತಲ್ಲ, ಯಾಕೆ ಬದಲಾಯಿಸಿದಿರಿ’ ಎಂದು ದರ್ಜಿಗಳು ಜಗಳಕ್ಕೆ ನಿಲ್ಲುತ್ತಾರೆ. ಕತ್ತರಿಸಿಬಿಟ್ಟರೆ ಮಾತಿಗೆ ಜಾಗವಿಲ್ಲ. ಕೈ ತಾನಾಗಿಯೇ ಆ ಕೆಲಸ ಮಾಡಿತು.

ಅವರು ಬಂದ ಮೇಲೆ ಅತ್ತೆಯನ್ನು ಕೂರಿಸಿ, ಹೆಂಡತಿಯನ್ನೂ ಕರೆದು, ಪರದೆ ಸರಿಸುವವನ ಗತ್ತಿನಲ್ಲಿ ಗುಂಡಿ ಒತ್ತಿದೆ. ಹಾಡುಗಾರ ಚುರುಕಾಗಿ ಎದ್ದ. ದನಿ ಬೆಳ್ಳಿಯ ತಂತಿಯಂತೆ ಮೇಲೆ ಹೋಯಿತು; ಹೋಗಿ ಅಲುಗದೆ ನಿಂತಿತು. ನನಗೇ ಬೆನ್ನು ನೆಟ್ಟಗಾಯಿತು. ವರ್ಷಗಟ್ಟಲೆ ಕಲಿತದ್ದು ಎಂದರೆ ಇದು ಎಂದುಕೊಂಡೆ. ಒಂದು ಹಾಡು ಮುಗಿಯಿತು. ಅತ್ತೆ ಕೈ ಕಟ್ಟಿಕೊಂಡು, ಪಕ್ಕದ ಮನೆಯವರ ಆಲ್ಬಮ್ ನೋಡುವವರಂತೆ ಕೂತಿದ್ದರು.

“ಚೆನ್ನಾಗಿ ಹಾಡ್ತಾನೆ,” ಎಂದರು. ಆಮೇಲೆ ಮೆಲ್ಲಗೆ ಕೇಳಿದರು: “ಯಾರು ಇವನು?”

ಅದೇ ಕ್ಯಾಸೆಟ್ಟು ಎಂದು ನಾನು ನಕ್ಕು ಹೇಳಿದೆ. ಬೆಲ್ಟಿನ ಮಹಿಮೆಯನ್ನು ವರ್ಣಿಸಿದೆ. ಅವರು ತಲೆಯಾಡಿಸಿ, ತುಂಬ ತೊಂದರೆ ತಗೊಂಡಿರಿ ಎಂದು ಗುಂಡಿ ಒತ್ತಿ ಟೇಪ್ ನಿಲ್ಲಿಸಿದರು. ಮರುದಿನ ಮಧ್ಯಾಹ್ನ ಒಳಗಿನಿಂದ ಸದ್ದು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಎಷ್ಟೋ ದಿನಗಳಿಂದ ಬಯಸಿದ ನಿಶ್ಶಬ್ದ ಬಂದು ಬೆಂಚಿನ ಪಕ್ಕದಲ್ಲೇ ಕೂತಿತು. ನನಗೆ ಕಣ್ಣು ಮುಚ್ಚಲಾಗಲಿಲ್ಲ. ಇಣುಕಿದರೆ, ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಊಟವೂ ಕಡಿಮೆಯಾಯಿತು. ಹೆಂಡತಿ ಬೈಯಲಿಲ್ಲ. ಬೈಯದ ಹೆಂಡತಿಯ ಮುಂದೆ ಎಷ್ಟು ಹೊತ್ತು ನಿಲ್ಲಬಹುದು, ನೀವೇ ಹೇಳಿ.

ಕೊನೆಗೆ ನಾನೇ ಹೋಗಿ ಅತ್ತೆಯ ಮಂಚದ ಬಳಿ ನಿಂತೆ. ನನಗೆ ಮೆತ್ತಗೆ ಮಾತಾಡಲು ಬಾರದು. ಹಾಡಿನಲ್ಲಿ ಏನು ಕೆಟ್ಟುಹೋಗಿದೆ, ಹೇಳಿದರೆ ಸರಿಮಾಡುತ್ತೇನೆ ಎಂದು ಗದರಿದ ಹಾಗೆಯೇ ಕೇಳಿದೆ.

“ಕೆಟ್ಟಿಲ್ಲ. ನೀವು ಸರಿಯಾಗೇ ಮಾಡಿದೀರಿ,” ಎಂದು ಅವರು ಎದ್ದು ಕೂತರು. “ಮೊದಮೊದಲು ಅವನು ಹೀಗೇ ಮೇಲೆ ಹಾಡ್ತಿದ್ದ. ನಿಮ್ಮ ಮಾವ ಅಷ್ಟು ಮೇಲೆ ಹೋಗೋಕಾಗದೆ ಕೆಮ್ಮೋರು. ಆಮೇಲೆ ವರ್ಷ ವರ್ಷ ಅವನು ಒಂದೊಂದೇ ಮೆಟ್ಟಿಲು ಕೆಳಗಿಳಿದ. ಇವರಿಗೂ ವಯಸ್ಸಾಗ್ತಾ ದನಿ ಇಳೀತು. ಬರ್ತಾ ಬರ್ತಾ ಇಬ್ಬರದ್ದೂ ಒಂದೇ ದನಿ ಆಯ್ತು. ಇವರು ಹೋದ್ಮೇಲೂ ಅವನು ಅಲ್ಲೇ ಇದ್ದ, ಇವರಿದ್ದ ಮೆಟ್ಟಿಲಲ್ಲೇ. ಈಗ ಅವನು ಮತ್ತೆ ಮೇಲೆ ಹೋಗಿಬಿಟ್ಟ. ದೊಡ್ಡ ಮನುಷ್ಯ, ಪಾಪ, ಅವನ ಜಾಗ ಅದೇ ಅಲ್ವಾ.”

ಚಕ್ರ ನಿಧಾನವಾದಷ್ಟೂ ದನಿ ತಗ್ಗುತ್ತದೆ; ಅವನನ್ನು ವರ್ಷ ವರ್ಷ ಕೆಳಗಿಳಿಸಿದ್ದು ಆ ಸವೆದ ಬೆಲ್ಟು. ನಾನು ನೇರವಾಗಿ ಅಂಗಡಿಗೆ ಹೋಗಿ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದೆ. ಮಾವನವರು ನಾಲ್ಕಾರು ತುಂಡಾಗಿ ದಾರದ ಚೂರುಗಳ ನಡುವೆ ಬಿದ್ದಿದ್ದರು.

ಮುಂದಿನ ದಿನಗಳಲ್ಲಿ ಅಂಗಡಿಯ ಕೆಲಸವೆಲ್ಲ ಮೂಲೆಗೆ ಸರಿಯಿತು. ತುಂಡುಗಳನ್ನು ಅಂಟಿಸಿ ಹಾಕಿದೆ. ಪ್ರತಿ ಬೆಸುಗೆಗೂ ಹಾಡುಗಾರ ಬಿಕ್ಕಳಿಸಿದ. ಹೊಸ ಬೆಲ್ಟನ್ನು ಬಿಸಿನೀರಲ್ಲಿ ಅದ್ದಿ ಎಳೆದೆ. ಆತ ಮಾತನ್ನೇ ಆಡಲಿಲ್ಲ. ಮೋಟರಿನ ವೇಗದ ತಿರುಪು ತಿರುಗಿಸಹೋದೆ. ತುಕ್ಕು ಹಿಡಿದಿದ್ದ ಅದರ ತಲೆ ಮುರಿದು ಕೈಗೆ ಬಂತು. ಅಂಗಡಿಗಳಲ್ಲೆಲ್ಲ ಹಳೆಯ, ಸವೆದ, ಜಾರುವ ಬೆಲ್ಟು ಕೊಡಿ ಎಂದು ಕೇಳಿದೆ. ಒಬ್ಬ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಲ್ಲ ಹೊಸದೇ ಕೇಳ್ತಾರಲ್ಲ ಯಜಮಾನ್ರೇ,” ಎಂದ. ಅವನ ಮೇಲೆ ಕೂಗಾಡಿ ಬಂದೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಕೂಗಾಡಿದೆ.

ಒಂದು ಮಧ್ಯಾಹ್ನ ಸಿಟ್ಟು ನೆತ್ತಿಗೇರಿ, ಮತ್ತೊಂದು ಹೊಸ ಬೆಲ್ಟು ಹಾಕಿಸಿಕೊಂಡು ಹಿಂಬದಿ ತೆರೆದು ಹಾಡುತ್ತಿದ್ದ ಟೇಪ್ ರೆಕಾರ್ಡರಿನ ತಿರುಗುವ ಚಕ್ರವನ್ನು ‘ನಿಲ್ಲು ಸಾಕು’ ಎಂದು ಬೆರಳಿಂದ ಒತ್ತಿದೆ. ಹಾಡುಗಾರ ನಿಲ್ಲಲಿಲ್ಲ, ಇಳಿದ. ಇನ್ನೊಂದು ಕೂದಲೆಳೆ ಒತ್ತಿದೆ. ಇನ್ನೊಂದು ಮೆಟ್ಟಿಲು ಇಳಿದ. ಬೆಳ್ಳಿಯ ತಂತಿ ತಾಮ್ರವಾಯಿತು, ತಾಮ್ರ ಮಾಗಿ ಮನುಷ್ಯನ ಎದೆಯ ದನಿಯಾಯಿತು. ಒಳಗಿನಿಂದ ಮಂಚ ಕಿರುಗುಟ್ಟಿತು. ಅತ್ತೆ ಗೋಡೆ ಹಿಡಿದುಕೊಂಡು ಅಂಗಡಿಯವರೆಗೆ ಬಂದರು. ಬೆಂಚಿನ ತುದಿಯಲ್ಲಿ ಕೂತರು. ಕಣ್ಣು ಮುಚ್ಚಿದರು. “ಇನ್ನೊಂಚೂರು,” ಎಂದರು. ಒತ್ತಿದೆ. “ಅಷ್ಟೇ. ಅಲ್ಲೇ ಇರಲಿ.”

ಅಲ್ಲೇ ಇರಬೇಕಾದದ್ದು ನನ್ನ ಬೆರಳು, ಮತ್ತು ಅದಕ್ಕೆ ಅಂಟಿಕೊಂಡಿರುವ ನಾನು.

ಅಂದಿನಿಂದ ಈ ಮನೆಯಲ್ಲಿ ನನ್ನ ಹುದ್ದೆ ಬ್ರೇಕು. ದಿನಾ ಮಧ್ಯಾಹ್ನ ಕ್ಯಾಸೆಟ್ಟಿನ ಎರಡೂ ಮಗ್ಗುಲು ಮುಗಿಯುವವರೆಗೆ ಚಕ್ರದ ಮೇಲೆ ಬೆರಳಿಟ್ಟು ಕೂತಿರಬೇಕು. ಇದರಲ್ಲಿ ಒಂದು ಕ್ರೂರ ನಿಯಮವಿದೆ: ಕೋಪ ಮಾಡಿಕೊಳ್ಳುವಂತಿಲ್ಲ. ಮೊನ್ನೆ ಒಬ್ಬ ದರ್ಜಿ ಷಟರಿನ ಕೆಳಗೆ ತಲೆ ತೂರಿಸಿ, ನೀವು ಮುಟ್ಟಿದ ಮೇಲೆಯೇ ನನ್ನ ಯಂತ್ರ ಕೆಟ್ಟದ್ದು ಎಂದು ಬೀದಿಗೆ ಕೇಳುವಂತೆ ಹೇಳಿದ. ಬೇರೆ ಹೊತ್ತಾಗಿದ್ದರೆ ಅವನ ತಲೆ ಷಟರಿನ ಈಚೆ, ಮೈ ಆಚೆ ಇರುತ್ತಿತ್ತು. ಆದರೆ ನನ್ನ ನಾಡಿ ಏರಿದ್ದೇ ತಡ, ಬೆರಳು ಬಿಗಿದು, ಮಾವನವರು ಬಾವಿಗಿಳಿದ ಹಾಗೆ ಇಳಿದುಹೋದರು. ಅತ್ತೆ ಕಣ್ಣು ತೆರೆದರು. ನಾನು ಉಸಿರು ಬಿಟ್ಟು, ಅವನಿಗೆ ನಮಸ್ಕಾರದಂತೆ ತಲೆಯಾಡಿಸಿ, ಮಾವನವರನ್ನು ಮೇಲಕ್ಕೆ ತಂದೆ. ದರ್ಜಿ ಹೆದರಿ ಓಡಿಹೋದ. ನಾನು ಬೈಯದೆ ಇದ್ದುದನ್ನು ಆ ಬೀದಿ ಅದುವರೆಗೆ ನೋಡಿರಲಿಲ್ಲ.

ನಿನ್ನೆ ಇನ್ನೊಂದು ತರಲೆ ನಡೆಯಿತು. ಎರಡನೆಯ ಮಗ್ಗುಲಿನ ಕೊನೆಯ ಹಾಡು, ಹೆಂಡತಿ ಅರ್ಥ ಹೇಳಿದ್ದಳು. ದೂರ ಹೊರಟವನು, ನಾನು ಬರುವಷ್ಟರಲ್ಲಿ ನೀನು ಮಣ್ಣಲ್ಲಿದ್ದರೂ ನನ್ನ ಹೆಜ್ಜೆಯ ಸದ್ದು ಕೇಳು ಎನ್ನುತ್ತಾನೆ. ಆ ಸಾಲಿನಲ್ಲಿ ಹಾಡುಗಾರನ ದನಿ ತಟಕ್ಕನೆ ನಡುಗತೊಡಗಿತು. ಮೋಟರು ಹೋಯಿತು ಎಂದುಕೊಂಡೆ. ನಿಲ್ಲಿಸಿ ನೋಡುತ್ತೇನೆ ಎಂದೆ. ಹೊಸ್ತಿಲಲ್ಲಿ ನಿಂತಿದ್ದ ಹೆಂಡತಿ ಬೇಡವೆಂದು ಕೈಯಾಡಿಸಿದಳು.

“ಮೋಟರಲ್ಲ ರೀ. ನಿಮ್ಮ ಕೈ.”

ನೋಡಿಕೊಂಡರೆ ಕೈ ನಡುಗುತ್ತಿತ್ತು, ಮುಖವೆಲ್ಲ ಒದ್ದೆ. ಕಣ್ಣಿಗೆ ದಾರದ ಧೂಳು ಬಿದ್ದಿದೆ ಎಂದು ಗದರಿದೆ. ಗದರಿದ್ದಕ್ಕೆ ಹಾಡುಗಾರ ಇನ್ನಷ್ಟು ನಡುಗಿದ. ಅತ್ತೆ ಕಣ್ಣು ಮುಚ್ಚಿಕೊಂಡೇ ನನ್ನ ತೋಳಿನ ಮೇಲೆ ಕೈ ಇಟ್ಟರು.

“ಇರಲಿ ಬಿಡಿ. ಆ ಜಾಗದಲ್ಲಿ ಅವರೂ ಹೀಗೇ ನಡುಗೋರು.”

ಹಾಡು ಮುಗಿದು ಖಾಲಿ ಟೇಪು ಸರಸರ ಓಡುತ್ತಿದ್ದರೂ ನಾನು ಬೆರಳು ತೆಗೆಯಲಿಲ್ಲ. ಅತ್ತೆ ಎದ್ದು ಒಳಗೆ ಹೋಗಿ ಮಲಗಿದರು. ಸ್ವಲ್ಪ ಹೊತ್ತಿಗೆ ಅವರ ನಿದ್ದೆಯ ಉಸಿರು ಕೇಳಿಸಿತು. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಎರಡು ಒಳ್ಳೆಯ ಮಾತು ಹೇಳಬಹುದೆಂದು ಮುಖ ಎತ್ತಿದೆ. ಅವಳು ನನ್ನ ಕೈ ಹಿಡಿದು, ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿ, ಸೆರಗಿನಿಂದ ಒರೆಸಿದಳು.

“ನಾಳೆಯಿಂದ ಸೋಪು ಹಾಕಿ ತೊಳ್ಕೊಂಡು ಕೂತ್ಕೊಳ್ಳಿ,” ಎಂದಳು. “ಮೆಷಿನ್ ಎಣ್ಣೆ ಇದ್ರೆ ಅಪ್ಪ ಜಾರ್ತಾರೆ.”