ಗೋಡೆಯಾಚೆಯ ಮಾಫಿ

ನನಗೆ ಭೂತಪ್ರೇತಗಳ ಹೆದರಿಕೆಯೇ ಇಲ್ಲ ಎಂದು ಎದೆ ತಟ್ಟಿಕೊಳ್ಳುವವರು ಸಿಕ್ಕರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ನೀವು ಮಧ್ಯಾಹ್ನ ಮಲಗುತ್ತೀರಾ? ರಾತ್ರಿಯ ಭೂತಕ್ಕೆ ಲೈಟು ಹಾಕಿದರೆ ಮುಗಿಯಿತು. ಬಿಸಿಲಿನಲ್ಲಿ ಬರುವ ಭೂತಕ್ಕೆ ಏನು ಹಾಕುತ್ತೀರಿ? ನಮ್ಮ ಕರಾವಳಿಯಲ್ಲಿ ನಡುಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುತ್ತಿರಲಿಲ್ಲ, ಅದು ‘ಅವರು’ ಓಡಾಡುವ ಹೊತ್ತು. ದೋಹಾಕ್ಕೆ ಬಂದ ಮೇಲೆ ಆ ಭಯ ಬಿಟ್ಟಿತ್ತು. ಇಲ್ಲಿಗೆ ಬರಲು ಭೂತಕ್ಕೂ ವೀಸಾ ಬೇಕು, ವೀಸಾಕ್ಕೆ ಜಾಮೀನು ನಿಲ್ಲುವ ಕಫೀಲ ಬೇಕು, ಯಾವ ಕಫೀಲ ತಾನೇ ಭೂತಕ್ಕೆ ಸಹಿ ಹಾಕುತ್ತಾನೆ ಎಂಬ ಧೈರ್ಯ. ನಮ್ಮ ಆಫೀಸು ಹನ್ನೆರಡೂವರೆಗೆ ಮುಚ್ಚಿ ನಾಲ್ಕಕ್ಕೆ ತೆರೆಯುವಂಥದ್ದು. ಅಷ್ಟು ಹೊತ್ತು ನಮ್ಮ ಅಲ್ ಹಿಲಾಲ್ ಬಡಾವಣೆಯ ಬೀದಿಗಳಲ್ಲಿ ಅಂಗಡಿಗಳ ಶಟರೆಲ್ಲ ಇಳಿದು, ಒಂದು ಬೆಕ್ಕೂ ಕಾಣುವುದಿಲ್ಲ. ನಾನು ಪರದೆ ಎಳೆದು, ಎ.ಸಿ. ಹಾಕಿ, ಹದಿನೆಂಟು ವರ್ಷ ನಿಶ್ಚಿಂತೆಯಿಂದ ಗೊರಕೆ ಹೊಡೆದವನು.

ಈ ನಿಶ್ಚಿಂತೆ ಹೋದದ್ದು ಮಗ ನಿಖಿಲನ ದೆಸೆಯಿಂದ. ಅವನನ್ನು ಕ್ರಿಕೆಟಿಗ ಮಾಡಬೇಕೆಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಆದರೆ ಅವನು ಬೌಲಿಂಗ್ ಮಾಡುವಾಗ ಮೊಣಕೈ ಬಾಗಿಸಿ ಎಸೆಯುತ್ತಿದ್ದ. ನೋ-ಬಾಲ್ ಕೊಟ್ಟು ಕೊಟ್ಟು ಅಂಪೈರುಗಳ ಕೈ ಸೋತಿತು. ಒಂದು ಶುಕ್ರವಾರ ಅದೇ ಮೈದಾನದ ಇನ್ನೊಂದು ಮೂಲೆಯಲ್ಲಿ ಬೇಸ್‌ಬಾಲ್ ಆಡುತ್ತಿದ್ದ ಜಪಾನಿನವರಲ್ಲಿ ಒಬ್ಬರು, ಗ್ಯಾಸ್ ಪ್ಲಾಂಟಿನ ಇಂಜಿನಿಯರ್ ತನಾಕಾ, ಓಡಿ ಬಂದು ಅವನ ಕೈ ಹಿಡಿದುಕೊಂಡರು. ನಮ್ಮವರು ಯಾವುದನ್ನು ಕಳ್ಳ ಬೌಲಿಂಗ್ ಎಂದು ಬೈದಿದ್ದರೋ ಅದೇ ಅವರ ಆಟದಲ್ಲಿ ದೊಡ್ಡ ವಿದ್ಯೆಯಂತೆ! ಮೂರು ವರ್ಷ ಅವರೇ ಕಲಿಸಿದರು. ಹನ್ನೆರಡನೇ ಕ್ಲಾಸು ಮುಗಿಯುವ ಹೊತ್ತಿಗೆ ನಮ್ಮ ಮನೆಗೆ ಎರಡು ಕಾಗದ ಬಂದವು. ಒಂದು ಮಂಗಳೂರಿನ ಇಂಜಿನಿಯರಿಂಗ್ ಸೀಟಿನದು. ಇನ್ನೊಂದು, ಜಪಾನಿನ ಒಂದು ವೃತ್ತಿಪರ ತಂಡಕ್ಕೆ ತರಬೇತಿ ಆಟಗಾರನಾಗಿ ಸೇರುವ ಕರಾರು. ಹುಡುಗ ಚಿಕ್ಕವನಾದ್ದರಿಂದ ಅದಕ್ಕೆ ಅಪ್ಪನ ಸಹಿ ಬೇಕು, ಅದೂ ಹತ್ತು ದಿನದೊಳಗೆ. ಕಾಗದ ನನ್ನ ಕೈಗೆ ಕೊಟ್ಟು ತನಾಕಾ ರಜೆಯ ಮೇಲೆ ತಮ್ಮ ಊರಿಗೆ ಹೋದರು.

ನಾನು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ. ಆ ಕರಾರನ್ನು ಕಪಾಟಿನ ಮೇಲಿದ್ದ ಸೂಟ್‌ಕೇಸಿನ ತಳದಲ್ಲಿ, ನುಸಿಗುಳಿಗೆ ಹಾಕಿದ ಸ್ವೆಟರಿನ ಕೆಳಗೆ ಅಡಗಿಸಿ, “ಆಫೀಸಿನಲ್ಲಿ ಎಲ್ಲೋ ಇಟ್ಟಿದ್ದೇನೆ, ಹುಡುಕುತ್ತೇನೆ” ಎಂದೆ. ಇದು ನಮ್ಮ ಮನೆತನದ ವಿದ್ಯೆ. ನನ್ನ ಅಪ್ಪ ಬಹ್ರೇನಿನಲ್ಲಿ ಹತ್ತು ವರ್ಷ ದುಡಿದು ಊರಿಗೆ ತಂದದ್ದು ಒಂದು ಟ್ರಂಕು, ಒಂದು ಟೇಪ್‌ರೆಕಾರ್ಡರು ಮತ್ತು ‘ಮಾಫಿ’ ಎಂಬ ಶಬ್ದ. ಗಲ್ಫಿನಲ್ಲಿ ಹಾಗೆಂದರೆ ‘ಇಲ್ಲ’. ಚಪ್ಪಲಿ ಬೇಕು ಎಂದರೆ ಮಾಫಿ, ಸಿನಿಮಾಕ್ಕೆ ಹೋಗಲಾ ಎಂದರೆ ಮಾಫಿ. ಅಮ್ಮ ಪಾಪ, ಗಂಡ ಮಾತುಮಾತಿಗೆ ಕ್ಷಮೆ ಕೇಳುತ್ತಿದ್ದಾರೆಂದು ತಿಳಿದು, “ಛೇ, ಅದಕ್ಕೆಲ್ಲ ಎಂತ ಮಾಫಿ!” ಎಂದು ಸಂಕೋಚಪಡುತ್ತಿದ್ದಳು. ನಾನು ಆಗ ವಾಲಿಬಾಲಿನಲ್ಲಿ ಜಿಲ್ಲೆಗೆ ಆಡಿದವನು. ಒಂದು ಕಂಪನಿಯ ತಂಡದಿಂದ ಕರೆ ಬರುವುದಿತ್ತು. ಡಿಪ್ಲೊಮಾಕ್ಕೆ ಸೇರುವ ದಿನದವರೆಗೂ “ಅಪ್ಪಾ, ಕಾಗದ ಬಂತಾ?” ಎಂದು ಕೇಳುತ್ತಲೇ ಇದ್ದೆ. “ಮಾಫಿ.” ಅಪ್ಪ ತೀರಿಕೊಂಡ ಮೇಲೆ ಆ ಕಾಗದ ಟ್ರಂಕಿನಲ್ಲಿ, ಮಡಚಿಟ್ಟ ಲುಂಗಿಯೊಳಗೆ ಸಿಕ್ಕಿತು. ಅಷ್ಟರಲ್ಲಿ ನನಗೆ ಹೊಟ್ಟೆ ಬಂದು ನೆಟ್ಟಿನ ಅರ್ಧಕ್ಕೂ ಹಾರಲಾಗುತ್ತಿರಲಿಲ್ಲ. ಆದರೂ ಕಾಗದ ಹಿಡಿದು ಟ್ರಂಕಿನ ಪಕ್ಕದಲ್ಲೇ ಕೂತು ಅತ್ತಿದ್ದೆ.

ಸೂಟ್‌ಕೇಸು ಮುಚ್ಚಿದ ಮರುದಿನ ಮಧ್ಯಾಹ್ನ ಕಣ್ಣು ಹತ್ತುತ್ತಿತ್ತು. ನಿಖಿಲನ ಕೋಣೆಯಿಂದ ‘ಧಡ್’ ಎಂದಿತು. ತುಸು ಬಿಟ್ಟು ಮತ್ತೆ ‘ಧಡ್’. ಅವನು ಗೋಡೆಗೆ ಚೆಂಡು ಎಸೆದು ಹಿಡಿಯುವ ಸದ್ದು ನನಗೆ ಗೊತ್ತಿಲ್ಲದ್ದೇನಲ್ಲ. ಬೈಯಲೆಂದು ಎದ್ದು ಹೋದರೆ ಕೋಣೆಯಲ್ಲಿ ಯಾರೂ ಇಲ್ಲ. ಅವನು ಗೆಳೆಯನ ಮನೆಗೆ ಹೋಗಿದ್ದ. ಚೆಂಡು ಹಾಸಿಗೆಯ ಮೇಲಿತ್ತು. ಎತ್ತಿಕೊಂಡೆ. ಎ.ಸಿ.ಯಲ್ಲಿ ಮಂಚದ ಕಬ್ಬಿಣವೂ ತಣ್ಣಗೆ ಕೊರೆಯುತ್ತಿದ್ದ ಆ ಕೋಣೆಯಲ್ಲಿ ಚೆಂಡು ಮಾತ್ರ ಬೆಚ್ಚಗಿತ್ತು.

ಅಡುಗೆಮನೆಯಲ್ಲಿದ್ದ ಹೆಂಡತಿ ಶಶಿಯನ್ನು ಕೇಳಿದೆ. “ಎಂತ ಮಾರಾಯ್ರೆ, ನಂಗೆ ಎಂತದೂ ಕೇಳ್ಲಿಲ್ಲ. ನಿಮ್ಗೆ ಮೊಸರನ್ನ ಜಾಸ್ತಿ ಆದದ್ದು” ಎಂದಳು. ಮರುದಿನ ಮೊಸರನ್ನ ಬಿಟ್ಟೆ. ಸದ್ದು ಬಿಡಲಿಲ್ಲ. ಪಕ್ಕದ ಫ್ಲ್ಯಾಟಿನವರಿರಬೇಕೆಂದು ಕೆಳಗೆ ಹೋಗಿ ವಾಚ್‌ಮನ್‌ನನ್ನು ಕೇಳಿದೆ. “ಉಧರ್ ಮಾಫಿ ನಫರ್, ಸಾಬ್” ಎಂದ, ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಆರು ತಿಂಗಳಿಂದ ಖಾಲಿ. ಇತ್ತ ನಿಖಿಲ ದಿನವೂ ನನ್ನ ಮುಖ ನೋಡುತ್ತಿದ್ದ. “ಪಪ್ಪಾ, ಆ ಫಾರ್ಮ್ ಸಿಕ್ತಾ? ಫ್ರೈಡೇ ಲಾಸ್ಟ್ ಡೇಟ್.”

ಗುರುವಾರ ಮಧ್ಯಾಹ್ನ ಸದ್ದು ನಿಲ್ಲಲೇ ಇಲ್ಲ. ನಾನು ನಿಖಿಲನ ಖಾಲಿ ಕೋಣೆಗೆ ಹೋಗಿ ಗೋಡೆಗೆ ಕಿವಿಯಿಟ್ಟು, ಇದ್ದಬದ್ದ ಧೈರ್ಯವನ್ನೆಲ್ಲ ಸೇರಿಸಿ “ಯಾರದು?” ಎಂದೆ. ಚೆಂಡಿನ ಸದ್ದು ನಿಂತಿತು. ಆಚೆ ಬದಿಯಲ್ಲಿ, ಸರಿಯಾಗಿ ನನ್ನ ಕಿವಿಯ ಎದುರಿಗೇ ಯಾರೋ ತುಟಿ ಇಟ್ಟಂತೆ, ವಯಸ್ಸಾದ ದಪ್ಪ ಗಂಟಲೊಂದು ಹೇಳಿತು:

“ಮಾಫಿ.”

ಅದು ಅಪ್ಪನ ದನಿಯೇ. ಪ್ಯಾಂಟು ಹೇಗೆ ಹಾಕಿಕೊಂಡೆನೋ ಗೊತ್ತಿಲ್ಲ, ಅಂದು ನಾನು ಆಫೀಸಿಗೆ ಒಂದು ಗಂಟೆ ಮೊದಲೇ ಹೋಗಿ ಮುಚ್ಚಿದ ಬಾಗಿಲ ಮುಂದೆ ಬಿಸಿಲಲ್ಲಿ ನಿಂತಿದ್ದೆ. ಅಪ್ಪ ಇಲ್ಲ ಎಂದರೋ, ಅಮ್ಮ ತಿಳಿದುಕೊಳ್ಳುತ್ತಿದ್ದಂತೆ ಕ್ಷಮಿಸು ಎಂದರೋ? ಇಲ್ಲ ಎಂದಿದ್ದರೆ ನಾನು ಸರಿ, ಕ್ಷಮಿಸು ಎಂದಿದ್ದರೆ ನಾನು ಕಳ್ಳ. ಬೆವರು ಸುರಿಸುತ್ತ ನಿಂತವನಿಗೆ ಎರಡನೆಯದೇ ನಿಜವೆನಿಸಿತು. ಸಂಜೆ ಮನೆಗೆ ಬಂದವನೇ ಸೂಟ್‌ಕೇಸು ಇಳಿಸಿ, ಸಹಿ ಹಾಕಿ, ಕಾಗದವನ್ನು ನಿಖಿಲನ ಕೈಗೆ ಕೊಟ್ಟೆ.

“ಆಫೀಸಲ್ಲೇ ಸಿಕ್ತಾ ಪಪ್ಪಾ?”

“ಹೂಂ.”

ಕಾಗದ ಗಮ್ಮೆಂದು ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಅವನು ಮೂಸಿದ, ನನ್ನನ್ನು ನೋಡಿದ, ಅಪ್ಪಿಕೊಂಡ.

ಅವನು ಹೋಗಿ ಎರಡು ತಿಂಗಳಾಯಿತು. ಸದ್ದು ನಾನು ಸಹಿ ಹಾಕಿದಂದೇ ನಿಂತಿತ್ತು, ಜೊತೆಗೆ ನನ್ನ ನಿದ್ದೆಯೂ. ಮೊನ್ನೆ ಮಧ್ಯಾಹ್ನ ಹೊರಳಾಡಿ ಬೇಸತ್ತು ಅವನ ಕೋಣೆಗೆ ಹೋದೆ. ಬಿಟ್ಟುಹೋದ ಚೆಂಡು ಹಾಸಿಗೆಯ ಮೇಲಿತ್ತು, ಈಗ ತಣ್ಣಗೆ. ಒಮ್ಮೆ ಗೋಡೆಗೆ ಎಸೆದೆ. ‘ಧಡ್.’ ಎಷ್ಟು ಹಿತವಾಗಿತ್ತೆಂದರೆ ಎಸೆಯುತ್ತಲೇ ಹೋದೆ. ಪಕ್ಕದ ಫ್ಲ್ಯಾಟಿಗೆ ಹಿಂದಿನ ವಾರವಷ್ಟೇ ಒಬ್ಬ ಮಲಯಾಳಿ ಬಂದದ್ದು ಮರೆತೇಹೋಗಿತ್ತು. ಗೋಡೆಯಾಚೆಯಿಂದ ನಡುಗುವ ದನಿ ಕೇಳಿಸಿತು: “ಆರಾ ಅದು?”

ಹೆಸರು ಹೇಳಬೇಕಿತ್ತು. ತೊಂದರೆಯಾಯಿತು, ತಪ್ಪಾಯಿತು ಎನ್ನಬೇಕಿತ್ತು. ಗೋಡೆಗೆ ಬಾಯಿಟ್ಟೆ. ಬಂದದ್ದು ಒಂದೇ ಮಾತು, ಅದೂ ನನ್ನದಲ್ಲದ ಒಂದು ದಪ್ಪ ಗಂಟಲಿನಲ್ಲಿ:

“ಮಾಫಿ.”

ಪಾಪ, ಆ ಮನುಷ್ಯ ಅಂದು ಆಫೀಸಿಗೆ ಒಂದು ಗಂಟೆ ಮೊದಲೇ ಓಡಿದನೆಂದು ವಾಚ್‌ಮನ್ ಹೇಳಿದ.