ತೇವಮಾಪಕ ಲೈಬ್ರರಿಯ ಹೊಸ ಆವೃತ್ತಿಗೆ, ನಲವತ್ತೆರಡು ತತ್ತಿಗಳ ಪರವಾಗಿ

ಆಟೋ ನಗರ, ಬೆಳಗಾವಿ

ಮಾನ್ಯ ಮೂರನೆಯ ಆವೃತ್ತಿಯವರೇ,

ತಾವು ಕ್ಷೇಮವೇ? ತಮ್ಮಂತೆಯೇ ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳಾದ ತಮ್ಮ ಬಳಗದ ಡಿಸ್‌ಪ್ಲೇ ಲೈಬ್ರರಿಯವರು, ಟೈಮರ್ ಲೈಬ್ರರಿಯವರು, ಮುಖ್ಯವಾಗಿ ಬರೆದದ್ದರಲ್ಲಿ ತಪ್ಪು ಕಂಡು ಮಾತುಮಾತಿಗೆ ಕೆಂಪಾಗುವ ಹಿರಿಯರಾದ ಕಂಪೈಲರ್ ಸಾಹೇಬರು ಆರೋಗ್ಯದಿಂದಿದ್ದಾರೆಯೇ? ಇಲ್ಲಿ ನಾನು ಕ್ಷೇಮ. ಪಾರಿಶ್ವಾಡದಲ್ಲಿ ನನ್ನ ತಂಗಿ ನೀಲಾ ಕ್ಷೇಮ. ಅವಳ ನಲವತ್ತೆರಡು ಜವಾರಿ ಕೋಳಿ ತತ್ತಿಗಳ ವಿಷಯವಾಗಿಯೇ ಈ ಪತ್ರ.

ನಾನು ಮೂವತ್ತು ವರ್ಷ ಮೋಟರ್ ವೈಂಡಿಂಗ್ ಮಾಡಿದವನು. ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರಿನ ವಿದ್ಯೆಯನ್ನು ವಿಡಿಯೋ ನೋಡಿ, ನಾಲ್ಕು ಬೋರ್ಡು ಸುಟ್ಟು ಕಲಿತವನು. ನೀಲಾಳಿಗೆ ಮರಿ ಮಾಡಿಸುವ ಪೆಟ್ಟಿಗೆಯೊಂದನ್ನು ಕಟ್ಟಿಕೊಟ್ಟಿದ್ದೇನೆ. ಅದು ಶಾಖ, ತೇವ ನೋಡಿಕೊಂಡು ತತ್ತಿಗಳನ್ನು ಹೊರಳಿಸುತ್ತದೆ. ಹದಿನೆಂಟನೆಯ ದಿನ ಹೊರಳಿಸುವುದು ನಿಲ್ಲಬೇಕು, ತೇವ ಏರಬೇಕು; ಇಲ್ಲದಿದ್ದರೆ ಚಿಪ್ಪಿನೊಳಗಿನ ಪೊರೆ ಒಣಗಿ ಮರಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಷ್ಟನ್ನು ಪ್ರೋಗ್ರಾಮಿನಲ್ಲಿ ಬರೆಯಲು ಮರೆತಿದ್ದೆ. ಎರಡೇ ಸಾಲು ತಾನೆ ಎಂದು ಹದಿನೆಂಟರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ, ಹೊಸ ಆವೃತ್ತಿಗಳು ಬಂದಿವೆ, ಹಾಕಲೇ ಎಂದು ಅದು ಕೇಳಿತು. ಬಾಗಿಲಿಗೆ ಬಂದ ಅತಿಥಿಗಳನ್ನು ಹಿಂದಕ್ಕೆ ಕಳಿಸಿ ಗೊತ್ತಿಲ್ಲದ ನಾನು ಎಲ್ಲವನ್ನೂ ಹಾಕು ಎಂದು ಒತ್ತಿದೆ.

ತಾವು ಬಂದಿರಿ. ತಮ್ಮ ಔದಾರ್ಯವನ್ನು ಏನೆಂದು ಹೊಗಳಲಿ! ತೇವ ಓದುವ ಫಂಕ್ಷನ್ನಿನ ಹೆಸರೊಂದನ್ನು ಬದಲಿಸಿದಿರಿ; ನನ್ನ ಪ್ರೋಗ್ರಾಮು ಹಳೆಯ ಹೆಸರು ಹಿಡಿದು ಕರೆದರೆ ಓಗೊಡಲಿಲ್ಲ. ಬದಲಿಗೆ ಇಪ್ಪತ್ಮೂರು ದೋಷ ದಯಪಾಲಿಸಿದಿರಿ, ಅದೂ ನಾನು ಜನ್ಮದಲ್ಲಿ ತೆರೆಯದ ಫೈಲುಗಳಲ್ಲಿ. ತಮಗೂ ಡಿಸ್‌ಪ್ಲೇಯವರಿಗೂ ಆಧಾರವಾದ ಮೂಲ ಲೈಬ್ರರಿ ಒಂದೇ. ತಮಗೆ ಅದು ಹೊಸದೇ ಬೇಕು, ಅವರಿಗೆ ಹಳೆಯದೇ ಬೇಕು. ಮಧ್ಯಾಹ್ನ ಫೋನಿನಲ್ಲಿ ನೀಲಾ, "ಅಣ್ಣಾ, ನಿನ್ನ ಪಾವ್ಣ್ಯಾರಿಗೆ ಚಾ ಆಮ್ಯಾಲ ಕೊಡು. ಇಲ್ಲಿ ತತ್ತಿ ಒಣಗಾಕತ್ತಾವ, ಮರಿ ಹೆಂಗ ಹೊರಗ ಬರಬೇಕು?" ಎಂದಳು.

ತಪ್ಪು ನನ್ನದೂ ಇದೆ. ಸುಟ್ಟ ಮೋಟರಿನ ಹಳೆಯ ತಂತಿ ಬಿಚ್ಚುವಾಗ ಸುತ್ತು ಎಣಿಸಿ, ದಪ್ಪದ ಗೇಜು ಅಳೆದು ವಹಿಯಲ್ಲಿ ಬರೆದುಕೊಳ್ಳದೆ ನಾನೆಂದೂ ಬಿಟ್ಟವನಲ್ಲ. ತಮ್ಮ ಹಳೆಯ ಆವೃತ್ತಿಯ ಅಂಕಿಯನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಹೀಗಾಗಿ ತಮ್ಮನ್ನು ಮರ್ಯಾದೆಯಿಂದ ಒಂದೊಂದೇ ಮೆಟ್ಟಿಲು ಕೆಳಗಿಳಿಸಿದೆ. ಏಳನೆಯ ಮೆಟ್ಟಿಲಿನಲ್ಲಿ, ಮೂಲ ಲೈಬ್ರರಿಯನ್ನೂ ಹಿಂದಕ್ಕೆ ಕರೆಸಿದ ಮೇಲೆ, ಕಂಪೈಲರ್ ಸಾಹೇಬರು ತಣ್ಣಗಾದರು. ಲ್ಯಾಪ್‌ಟಾಪ್ ಹೊತ್ತು ಬಸ್ಸು ಹಿಡಿದು ಸಂಜೆಗೆ ಪಾರಿಶ್ವಾಡ ಮುಟ್ಟಿದೆ. ಅಷ್ಟರಲ್ಲಿ ನೀಲಾ ಹೊರಳಿಸುವ ಮೋಟರು ನಿಲ್ಲಿಸಿ, ತೇವಕ್ಕೆ ಒದ್ದೆ ಬಟ್ಟೆ ಇಟ್ಟು ಕಾದಿದ್ದಳು; ಹೊಸ ಎರಡು ಸಾಲನ್ನು ಪೆಟ್ಟಿಗೆಗೆ ತುಂಬಿದೆ. ಈಗ ಆ ಹಳೆಯ ಆವೃತ್ತಿಗಳ ಅಂಕಿಗಳು ಪೆಟ್ಟಿಗೆಯ ಮುಚ್ಚಳದ ಮೇಲೆ ಪೇಂಟಿನಲ್ಲಿವೆ.

ತಮ್ಮಲ್ಲಿ ವಿನಂತಿ ಇಷ್ಟೇ. ಅಂಗಡಿ ಬದಲಿಸಿದವರು ಹಳೆಯ ಬಾಗಿಲಿಗೆ ಹೊಸ ವಿಳಾಸದ ಫಲಕ ತೂಗುಹಾಕುತ್ತಾರೆ. ತಾವೂ ಹಳೆಯ ಹೆಸರಿನ ಜಾಗದಲ್ಲಿ ಹಾಗೊಂದು ಚೀಟಿ ಬಿಟ್ಟು ಹೋಗಬೇಕು. ಕಾವಿನ ಇಪ್ಪತ್ತೊಂದು ದಿನಗಳ ನಡುವೆ ದಯಮಾಡಿಸುವುದಿದ್ದರೆ ಮೊದಲು ಕೋಳಿಗಳ ಒಪ್ಪಿಗೆ ಪಡೆಯಬೇಕು. ಬೇಗನೆ ಪತ್ರ ಬರೆಯಿರಿ. ಇಪ್ಪತ್ಮೂರು ಸಾಲು ಬೇಡ, ಒಂದೇ ಸಾಕು.

ತಮ್ಮ ವಿಶ್ವಾಸಿ, ಹಳೆಯ ಆವೃತ್ತಿಯ ಮನುಷ್ಯ,
ತಮ್ಮಣ್ಣ

ವಿ.ಸೂ.: ಮೂವತ್ತೇಳು ಮರಿ ಹೊರಬಂದವು. ಅವುಗಳಲ್ಲಿ ಒಂದು ಬೆಳಗಿನಿಂದ ಬಾಯಿ ಮುಚ್ಚದೆ ಚೀರುತ್ತದೆ, ಏನಾಗಿದೆ ಎಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ನೀಲಾ ಅದಕ್ಕೆ ತಮ್ಮ ಹೆಸರನ್ನೇ ಇಟ್ಟಿದ್ದಾಳೆ. ಆದರೆ ಹೆಸರು ಹಿಡಿದು ಕರೆದರೆ ಅದು ಓಡಿ ಬರುತ್ತದೆ. ಅಷ್ಟರ ಮಟ್ಟಿಗೆ ತಮಗಿಂತ ವಾಸಿ.