ಬೆರಳಗಲ ಗಿಡ್ಡವಾದ ಬಾಣ

ಬೆಳಿಗ್ಗೆ ಹಿತ್ತಲಲ್ಲಿ ಬಿಟ್ಟ ಬಾಣಗಳೆಲ್ಲ ಗುರಿ ಬಿಟ್ಟು ಎಡಗಡೆಯ ಗೋಡೆಗೆ ಬಡಿದಾಗಲೇ ಅಂಚೆ ಗುಮಾಸ್ತನ ತಲೆಗೆ ಅನುಮಾನದ ಹುಳ ಹೊಕ್ಕಿತು. ಸಂಜೆ ಬಿಲ್ಲುಗಾರರ ಸಂಘದ ಆಯ್ಕೆ. ತಂಡದಲ್ಲಿ ಉಳಿದಿರುವುದು ಒಂದೇ ಜಾಗ. ಅವನ ಗಿಡ್ಡ ಬಿಲ್ಲಿನಿಂದ ಹೊರಟ ಬಾಣ ಮೊದಲಿನಿಂದಲೂ ಬಲಕ್ಕೆ ಸರಿಯುತ್ತಿತ್ತು. ಪಾಪ, ಎರಡು ವರ್ಷ ಬೆವರು ಸುರಿಸಿ, ಗುರಿಗಿಂತ ಒಂದು ಗೇಣು ಎಡಕ್ಕೆ ಹಿಡಿದು ನಡುವಿಗೆ ನಾಟಿಸುವುದನ್ನು ಕಲಿತಿದ್ದ.

ಬಾಣದ ಹಿಂತುದಿಯನ್ನು ಎದೆಗೊತ್ತಿ ಕೈ ಚಾಚಿ ಅಳೆದ. ಬೆರಳಗಲ ಗಿಡ್ಡ. ಎಲ್ಲವೂ ಅಷ್ಟೇ.

"ಯಾರೋ ಕತ್ತರಿಸಿದಾರೆ ಕಣೇ."

"ರೀ, ಅದು ಏನಂದ್ರೆ..." ಎಂದಳು ಹೆಂಡತಿ.

"ನೀನು ಸುಮ್ನಿರು. ಯಾರು ಅಂತ ನನಗೆ ಗೊತ್ತು."

ಗೊತ್ತಿರಲಿಲ್ಲ. ಕಚೇರಿಯಲ್ಲಿ ಪಕ್ಕದ ಮೇಜಿನವನು ಗೊತ್ತು ಮಾಡಿಸಿದ. "ನಿಮ್ಮ ಬೀದೀಲಿ ಅಳತೆ ತಗೊಂಡು ಕತ್ತರಿಸೋ ಕಸುಬು ಯಾರದ್ದು ಸಾರ್?"

ಪಕ್ಕದ ಮನೆಯ ದರ್ಜಿ! ಅವನೂ ಅದೇ ಜಾಗಕ್ಕೆ ಕಾದಿದ್ದ. ಒಂದೇ ಅಳತೆಯ ಬಿಲ್ಲು, ಬಾಣಗಳನ್ನು ಇಬ್ಬರೂ ಒಂದೇ ದಿನ ಕೊಂಡಿದ್ದರು. ಆದರೆ ದರ್ಜಿ ಮಹಾ ಮೊಂಡ. ಬಾಣ ಎಷ್ಟೇ ಬಲಕ್ಕೆ ಹೋದರೂ, "ಗುರಿ ಇರೋದು ಅಲ್ಲಿ ತಾನೆ, ಬೇರೆ ಕಡೆ ಯಾಕೆ ನೋಡ್ಲಿ?" ಎಂದು ನೇರವಾಗಿಯೇ ಬಿಡುತ್ತಿದ್ದ. ಸಿಟ್ಟಿನ ಭರದಲ್ಲಿ ಗುಮಾಸ್ತನ ಕೈ ಅಂಚೆಮುದ್ರೆಯನ್ನು ತನ್ನ ಹೆಬ್ಬೆರಳಿಗೇ ಒತ್ತಿತು.

ಇಬ್ಬರ ಬಾಣವೂ ತಪ್ಪಿದರೆ ಆಯ್ಕೆ ಮುಂದಕ್ಕೆ ಹೋಗುತ್ತದೆ; ದರ್ಜಿಯದು ಅಪ್ಪಿತಪ್ಪಿಯೂ ನಾಟಬಾರದು. ಮಧ್ಯಾಹ್ನ ದರ್ಜಿ ಉಂಡು ಮಲಗಿದಾಗ ಗುಮಾಸ್ತ ಪಾರ್ಸೆಲ್ ಕೋಣೆಯ ಗರಗಸ ಹಿಡಿದು ಅವನ ಜಗಲಿ ಹತ್ತಿದ. ಅಲ್ಲಿ ಒರಗಿಸಿಟ್ಟಿದ್ದ ಒಂದೊಂದೇ ಬಾಣದ ಮೊನೆ ಕಳಚಿ, ಬೆರಳಗಲ ಕೊಯ್ದು, ಮೊನೆಯನ್ನು ಮತ್ತೆ ಸಿಕ್ಕಿಸಿದ. ಮುಗಿಯಿತು ಎನ್ನುವಷ್ಟರಲ್ಲಿ ದರ್ಜಿಯ ಹೆಂಡತಿ ಹೊರಬಂದಳು.

"ಏನಣ್ಣಾ, ಮಂಡಿಯೂರಿ ಕೂತಿದೀರಿ?"

ಗರಗಸ ಬೆನ್ನ ಹಿಂದೆ ಸರಿಯಿತು. "ಅಂಗಿ ಗುಂಡಿ ಬಿದ್ದುಹೋಯ್ತಮ್ಮ."

ಆ ಮಹಾತಾಯಿ ತಾನೂ ಕೂತು ಹುಡುಕತೊಡಗಿದಳು. ಕೊನೆಗೆ ಗುಮಾಸ್ತ ತನ್ನ ಒಳ್ಳೆಯ ಅಂಗಿಯ ಗುಂಡಿಯನ್ನು ತಾನೇ ಕಿತ್ತು, "ಸಿಕ್ತು" ಎಂದು ತೋರಿಸಿ ಪಾರಾದ.

ಸಂಜೆ ಮೊದಲು ಗುಮಾಸ್ತನ ಸರದಿ. ಬೇಡವೆಂದರೂ ಕೈ ಅಭ್ಯಾಸಬಲದಿಂದ ಎಡಕ್ಕೇ ವಾಲಿತು, ಬಾಣಗಳೂ ಎಡಕ್ಕೇ ಹೋದವು. ಇರಲಿ, ಅವನಿಗೂ ಇದೇ ಗತಿ ಎಂದುಕೊಂಡು ಕೈಕಟ್ಟಿ ನಿಂತ.

ದರ್ಜಿ ಎಂದಿನಂತೆ ನೇರವಾಗಿ ನೋಡಿ ಬಿಟ್ಟ. ಬಾಣ ನಡುವಿಗೇ ನಾಟಿತು. ಎರಡನೆಯದು ಅದರ ಪಕ್ಕ. ಮೂರನೆಯದಕ್ಕೆ ಜನ ಚಪ್ಪಾಳೆ ತಟ್ಟಿದರು. ಜಾಗ ದರ್ಜಿಯ ಪಾಲಾಯಿತು.

"ಇದು ಹೇಗೆ?" ಎಂದ ಗುಮಾಸ್ತ.

ಬಾಣ ಮಾಡುವ ಮುದುಕ ಪಕ್ಕದಲ್ಲೇ ಇದ್ದ. "ಗಿಡ್ಡ ಬಿಲ್ಲಿಗೆ ಉದ್ದದ ಬಾಣ ಹೂಡಿದ್ರೆ ಬಳುಕಿ ಬಲಕ್ಕೆ ಹೋಗುತ್ತೆ ಸಾರ್. ಬೆರಳಗಲ ತೆಗೆದ್ರೆ ಬಿಗಿಯಾಗಿ ನೆಟ್ಟಗೆ ಹೋಗುತ್ತೆ. ನಿನ್ನೆ ನಿಮ್ಮ ಮನೆಯವ್ರು ನಿಮ್ಮ ಬಾಣ ತಂದು ಸರಿ ಮಾಡಿಸಿಕೊಂಡು ಹೋದ್ರಲ್ಲ. ಇನ್ಮೇಲೆ ನೇರ ಹಿಡೀಬೇಕು ಅಂತ ಹೇಳಿ ಕಳಿಸಿದ್ದೆ."

"ಬೆಳಿಗ್ಗೆ ಹೇಳೋಕೆ ಬಂದ್ರೆ ಕೇಳಿದ್ರಾ?" ಎಂದಳು ಹಿಂದೆ ನಿಂತಿದ್ದ ಹೆಂಡತಿ.

ಅಷ್ಟರಲ್ಲಿ ದರ್ಜಿ ಓಡಿಬಂದ. ಕಣ್ಣಲ್ಲಿ ನೀರು. "ಸಾರ್, ಯಾರೋ ಪುಣ್ಯಾತ್ಮರು ನನ್ನ ಬಾಣಾನ ಕತ್ತರಿಸಿ ಸರಿ ಮಾಡಿದಾರೆ. ಯಾರು ಅಂತ ಗೊತ್ತಾದ್ರೆ ಕಾಲಿಗೆ ಬೀಳ್ತೀನಿ. ನಿಮಗೇನಾದ್ರೂ ಗೊತ್ತಾ?"

"ನನಗೇನ್ರೀ ಗೊತ್ತು," ಎನ್ನುತ್ತಾ ಗುಮಾಸ್ತ ಮೆಲ್ಲಗೆ ಕಾಲು ಹಿಂದಕ್ಕೆಳೆದುಕೊಂಡ.